ಅರಳಿ ಎಂದರೆ ಯಾವ ಮರ?

2024ರ ಮೇ ತಿಂಗಳಲ್ಲಿ ತಿರುವಿದಾಂಕೂರು ಮತ್ತು ಮಲಬಾರ್ ದೇವಸ್ವಂ ಬೋರ್ಡುಗಳು ತಮ್ಮ ಆಡಳಿತಕ್ಕೊಳಪಟ್ಟ ದೇವಸ್ಥಾನಗಳಲ್ಲಿ ನೈವೇದ್ಯಕ್ಕೂ ಪ್ರಸಾದಕ್ಕೂ ಅರಳಿ ಹೂವನ್ನು ಬಳಸಕೂಡದೆಂದು ತೀರ್ಮಾನಿಸಿದ ಸುದ್ದಿ ಓದುಗರಿಗೆ ನೆನಪಿರಬಹುದು. ಅದಕ್ಕೆ ಕೆಲವು ದಿನ ಮೊದಲು ಆಲಪ್ಪುಳ ಕಡೆಯ ಯುವತಿಯೊಬ್ಬಳು ತೀರಿಕೊಂಡಾಗ, ಅರಳಿಯ ಎಲೆಯನ್ನು ಬಾಯಿಗೆ ಹಾಕಿಕೊಂಡದ್ದೇ ಕಾರಣವಿರಬೇಕೆಂಬ ಸಂಶಯ ಹುಟ್ಟಿತ್ತು. ಸುದ್ದಿ ಮಲೆಯಾಳದಲ್ಲಿ ಬಂತು. ಬಾಯಿಂದ ಬಾಯಿಗೆ ಕನ್ನಡಕ್ಕೂ ದಾಟಿತು. ದಾಟುವಾಗ ಉಳಿದ ಮಾತೆಲ್ಲ ಕನ್ನಡವಾಯಿತು, 'ಅರಳಿ' ಎಂಬ ಶಬ್ದ ಮಾತ್ರ ಇದ್ದ ಹಾಗೆಯೇ ಉಳಿಯಿತು. ಜೂನಿನಲ್ಲಿ ಶಾಲೆ ತೆರೆದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಹಾಗಾದರೆ ಬುದ್ಧ ಕೂತದ್ದು ವಿಷದ ಮರದ ಅಡಿಯಲ್ಲೋ?"

ಮಕ್ಕಳು ನಕ್ಕರು. ಆದರೆ ಹುಡುಗ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕನ್ನಡದ ಪುಸ್ತಕಗಳಲ್ಲಿ ಅರಳಿ ಎಂದರೆ ಅಶ್ವತ್ಥ. ಊರ ನಡುವೆ ಕಟ್ಟೆ ಕಟ್ಟಿ ನಾವು ಪ್ರದಕ್ಷಿಣೆ ಬರುವ ಮರ ಅದು. ಬುದ್ಧನಿಗೆ ಬೋಧೆಯಾದದ್ದೂ ಅದರ ಬುಡದಲ್ಲೇ. ತಮಿಳರು ಅದನ್ನು ಅರಸು ಎನ್ನುತ್ತಾರೆ, ಮಲೆಯಾಳಿಗಳು ಅರಯಾಲ್ ಎನ್ನುತ್ತಾರೆ. ಈ ಎರಡೂ ಭಾಷೆಗಳಲ್ಲಿ 'ಅರಳಿ' ಎಂದರೆ ಬೇರೆಯೇ ಒಂದು ಗಿಡ: ನಮ್ಮ ಕಣಗಿಲೆ, ಸಂಸ್ಕೃತದ ಕರವೀರ. ಹೃದಯದ ಬಡಿತವನ್ನೇ ಕೆಡಿಸುವ ವಿಷ ಅದರ ಎಲೆ, ಹೂ, ಕಾಂಡ, ಬೇರುಗಳಲ್ಲೆಲ್ಲ ಇದೆ. ಶಾಸ್ತ್ರೀಯ ನಾಮದಲ್ಲಿ ಹೇಳುವುದಾದರೆ ಕನ್ನಡದ ಅರಳಿ ಫೈಕಸ್ ರಿಲಿಜಿಯೋಸಾ, ತಮಿಳು ಮಲೆಯಾಳಗಳ ಅರಳಿ ನೀರಿಯಂ ಒಲಿಯಾಂಡರ್. ಒಂದೇ ಮೂರಕ್ಷರ, ಒಂದೇ ಉಚ್ಚಾರ. ಗಡಿಯ ಈಚೆಗೆ ಪೂಜೆಯ ಮರ, ಆಚೆಗೆ ವಿಷದ ಗಿಡ. ಗಡಿಯ ಮೇಲೆಯೇ ಮನೆ ಕಟ್ಟಿಕೊಂಡಿರುವ ನಮ್ಮಂಥವರಿಗೆ ಇದು ತಮಾಷೆಯ ವಿಷಯವಲ್ಲ.

ಈ ಅರಳಿ ಹೂವಿನ ಬೆಳೆಗೆ ಹೆಸರಾದದ್ದು ತಮಿಳುನಾಡಿನ ಸೇಲಂ ಜಿಲ್ಲೆ. ಅಲ್ಲಿಯ ಪನಮರತ್ತುಪಟ್ಟಿಯ ಸುತ್ತಮುತ್ತ ರೈತರು ಇದನ್ನು ಹೊಲ ಹೊಲವಾಗಿ ಬೆಳೆದು ಮೊಗ್ಗನ್ನು ಮಾರುಕಟ್ಟೆಗೆ ಕಳುಹಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಹೂಮಾಲೆಗೆ ಒಳ್ಳೆಯ ಹೂವು, ನೀರು ಕಡಿಮೆಯಾದರೂ ಬರುತ್ತದೆ, ದನ ಆಡು ಬಾಯಿ ಹಾಕುವುದಿಲ್ಲ. ಪನಮರತ್ತುಪಟ್ಟಿ ಎಂಬ ಹೆಸರಿನಲ್ಲೇ ಇನ್ನೊಂದು ಮರ ನಿಂತಿದೆ. ಪನೆಮರವೆಂದರೆ ನಾವು ತಾಳೆಯೆನ್ನುವ ಮರ. ಆ ಊರಿಗೆ ಹೋಗಿ 'ತಾಳೈ ಎಲ್ಲಿದೆ' ಎಂದು ಕೇಳಿದರೆ ಅವರು ಕೇದಿಗೆಯ ಪೊದೆಯನ್ನು ತೋರಿಸಿಯಾರು. ತಮಿಳಿನಲ್ಲಿ ತಾಳೈ ಎಂದರೆ ಕೇದಿಗೆ.

ಸೇಲಂ, ಧರ್ಮಪುರಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮದರಾಸಿನ ರೈಲು ರಾತ್ರಿ ನಿಲ್ಲುವ ಒಂದು ಸ್ಟೇಶನ್, ಇಲ್ಲವೆ ಮಾವಿನಹಣ್ಣಿನ ಪೆಟ್ಟಿಗೆಯ ಮೇಲಿನ ಹೆಸರು, ಅಷ್ಟೆ. ಅದು ನಮ್ಮಂತೆಯೇ ಕನ್ನಡ ಮಾತನಾಡುವ ಕುಟುಂಬಗಳು ಬೇರೆ ಭಾಷೆಯ ರಾಜ್ಯದಲ್ಲಿ ಉಳಿದುಕೊಂಡ ಸೀಮೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಬಾರಾಮಹಲ್ ಎಂದು ಕರೆಯುತ್ತಿದ್ದ ಆ ಪ್ರದೇಶವನ್ನು 1792ರಲ್ಲಿ ಟಿಪ್ಪು ಸುಲ್ತಾನ ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. ಅಂದಿನಿಂದ ಅದು ಮದರಾಸಿಗೆ ಸೇರಿತು. 1965ರಲ್ಲಿ ಸೇಲಂ ಜಿಲ್ಲೆಯನ್ನು ಒಡೆದು ಧರ್ಮಪುರಿಯನ್ನೂ, 2004ರಲ್ಲಿ ಧರ್ಮಪುರಿಯನ್ನು ಒಡೆದು ಕೃಷ್ಣಗಿರಿಯನ್ನೂ ಮಾಡಿದರು. ಕನ್ನಡದ ಮಾತು ಹೆಚ್ಚಾಗಿ ಕೇಳಿಬರುವ ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲಗಳು ಹೀಗೆ ಮೂರು ಜಿಲ್ಲೆಗಳ ಹೆಸರನ್ನು ಹೊತ್ತವು. ನಮ್ಮ ಕಾಸರಗೋಡು ಕೂಡ 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಅದೇ ಮದರಾಸಿನಲ್ಲಿತ್ತು. ಒಂದೇ ಸರಕಾರದ ಎರಡು ಅಂಚುಗಳಲ್ಲಿ ಇದ್ದ ಕನ್ನಡಿಗರು ನಾವು. ಅವರು ಅಲ್ಲೇ ಉಳಿದರು, ನಾವು ಕೇರಳಕ್ಕೆ ಬಂದೆವು.

ಊರ ಹೆಸರುಗಳನ್ನು ನೋಡಿ. ಧರ್ಮಪುರಿ ಜಿಲ್ಲೆಯಲ್ಲಿ ಮಾರಂಡಹಳ್ಳಿ ಇದೆ. ಹಳ್ಳಿ ಕನ್ನಡದ್ದು. ಕಾವೇರಿ ಧುಮುಕುವ ಹೊಗೆನಕಲ್ಲಿನ ಹೊಗೆಯೂ ಕನ್ನಡದ್ದೇ. ಡೆಂಕಣಿಕೋಟೆಯ ಕಡೆ ಬೇವನತ್ತಂ ಎಂಬ ಊರಿದೆ. ನನ್ನ ಕಿವಿಗೆ ಅದರ ತಲೆ ಕನ್ನಡದ ಬೇವು, ಬಾಲ ತಮಿಳಿನ ನತ್ತಂ. ತಮಿಳು ಲಿಪಿಯಲ್ಲಿ ಪಕಾರಕ್ಕೂ ಬಕಾರಕ್ಕೂ ಒಂದೇ ಅಕ್ಷರವಾದುದರಿಂದ ಬರೆದದ್ದನ್ನು ನೋಡಿ ಬೇವೋ ಪೇವೋ ಎಂದು ಹೇಳಲಾಗದು. ಊರವರ ಬಾಯಲ್ಲಿ ಕೇಳಿದರೆ ಮಾತ್ರ ತಿಳಿಯುವುದು. ತಮಿಳಿನಲ್ಲಿ ಆ ಮರ ವೇಂಬು, ಮಲೆಯಾಳದಲ್ಲಿ ಆರ್ಯವೇಪ್ಪು. ಮಲೆಯಾಳಿಗಳು 'ಆರ್ಯ' ಎಂಬ ವಿಶೇಷಣ ಏಕೆ ಸೇರಿಸಿದರು? ಅವರಿಗೆ ಕರಿವೇಪ್ಪು ಬೇರೆ ಇರುವುದರಿಂದ. ನಮ್ಮ ಮನೆಗಳಲ್ಲೂ ಅದೇ ಕಥೆ. ತುಳುನಾಡಿನ ಅಡಿಗೆಮನೆಯಲ್ಲಿ 'ಬೇವಿನ ಸೊಪ್ಪು ತಾ' ಎಂದರೆ ಒಗ್ಗರಣೆಗೆ ಹಾಕುವ ಕರಿಬೇವನ್ನೇ ತರಬೇಕು. ಮೈಸೂರು ಕಡೆಯಿಂದ ಬಂದ ಸೊಸೆ ಯುಗಾದಿಯ ಬೇವನ್ನು ಕಿತ್ತು ತಂದರೆ ಸಾರು ಕಹಿಯಾದೀತು. ಯುಗಾದಿಯ ಬೇವಿಗೆ ನಾವು ಕಹಿಬೇವು ಎನ್ನುತ್ತೇವೆ. ಕನ್ನಡ ಒಂದೇ ಆದರೂ ಬೇವು ಎರಡು. ಆದುದರಿಂದ ಹೆಸರಿನ ಗೊಂದಲಕ್ಕೆ ಬೇರೆ ಭಾಷೆಯೇ ಬೇಕೆಂದಿಲ್ಲ, ಘಟ್ಟ ಹತ್ತಿ ಇಳಿದರೂ ಸಾಕು.

ಇನ್ನು ಆಟಿ ಅಮಾವಾಸ್ಯೆಯ ವಿಷಯಕ್ಕೆ ಬರುತ್ತೇನೆ. ಈ ಲೇಖನ ಬರೆಯಲು ಮುಖ್ಯ ಕಾರಣ ಅದೇ. ಆ ದಿನ ಬೆಳಗಾಗುವ ಮೊದಲು ಹಾಲೆಮರದ ಕೆತ್ತೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು, ಅರೆದು ರಸ ತೆಗೆದು, ಕರಿಮೆಣಸು ಬೆಳ್ಳುಳ್ಳಿ ಓಮ ಸೇರಿಸಿ, ಕಾಯಿಸಿದ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟು ಮನೆಮಂದಿಯೆಲ್ಲ ಕುಡಿಯುವ ಪದ್ಧತಿ ನಮ್ಮಲ್ಲಿ ಇದೆ. ಮೇಲಿಂದ ಮೆಂತೆಯ ಗಂಜಿ. ತುಳುವಿನಲ್ಲಿ ಆ ಮರ ಪಾಲೆ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತೆಂದು ಹತ್ತನೆಯ ತರಗತಿಯ ವ್ಯಾಕರಣದಲ್ಲಿ ಕಲಿಸುತ್ತೇವೆ. ಪಾಲ್ ಹಾಲಾದಂತೆ ಪಾಲೆ ಹಾಲೆಯಾಯಿತು. ತುಳು, ತಮಿಳು, ಮಲೆಯಾಳಗಳು ಪಕಾರವನ್ನೇ ಉಳಿಸಿಕೊಂಡವು. ಗೀರಿದರೆ ಹಾಲು ಸುರಿಯುವ ಮರವೆಂಬುದೇ ಹೆಸರಿನ ಅರ್ಥ. ಇಲ್ಲಿಯವರೆಗೆ ಎಲ್ಲ ಸುಲಭ.

ಆದರೆ ಹಾಲು ಸುರಿಯುವ ಮರ ಒಂದೇ ಅಲ್ಲವಷ್ಟೆ! ಆಟಿಯ ಹಾಲೆ ಮಲೆಯಾಳದ ಏಳಿಲಂಪಾಲ, ಸಂಸ್ಕೃತದ ಸಪ್ತಪರ್ಣಿ, ಅಲ್ಸ್ಟೋನಿಯಾ ಸ್ಕೊಲಾರಿಸ್. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವ ಬಿಳಿಯ ನಯವಾದ ಮರವೂ ಹಾಲೆಮರವೇ. ಅಲ್ಲಿಯವರು ಹಕಾರವನ್ನೂ ಬಿಟ್ಟು ಆಲೆಮರ ಎನ್ನುತ್ತಾರೆ. ಆದರೆ ಅದು ಬೇರೆ ಮರ, ರೈಟಿಯಾ ಟಿಂಕ್ಟೋರಿಯಾ. ಧರ್ಮಪುರಿ, ಸೇಲಂ ಕಡೆಯ ಒಣಕಾಡುಗಳಲ್ಲಿ ಸಿಗುವುದು ಈ ಎರಡನೆಯದು. ತಮಿಳರು ಅದನ್ನು ವೆಟ್ಪಾಲೈ ಎನ್ನುತ್ತಾರೆ, ಸಿದ್ಧವೈದ್ಯರು ಅದರ ಎಲೆಯನ್ನು ಎಣ್ಣೆಯಲ್ಲಿ ಬಿಸಿಲಿಗಿಟ್ಟು ಚರ್ಮರೋಗಕ್ಕೆ ಕೊಡುತ್ತಾರೆ. ಮಲೆಯಾಳದಲ್ಲಿ ಅದಕ್ಕೆ ದಂತಪ್ಪಾಲ ಎಂಬ ಹೆಸರು. ಇವೆರಡೂ ಸಾಲದೆಂಬಂತೆ ಕುಡಗಪ್ಪಾಲ ಎಂಬ ಮೂರನೆಯದೊಂದಿದೆ. ಹೊಟ್ಟೆಕಡಿತ, ಆಮಶಂಕೆಗೆ ನಮ್ಮ ಹಿರಿಯರು ಹುಡುಕಿಕೊಂಡು ಹೋಗುತ್ತಿದ್ದ ಕೊಡಸಿಗೆ ಅದು. ಮೂರೂ ಒಂದೇ ಕುಟುಂಬದವು, ಮೂರರಲ್ಲೂ ಬಿಳಿಯ ಹಾಲು. ಹೆಸರಿನಲ್ಲಿ ಪಾಲೆಯೆಂದಿದ್ದ ಮಾತ್ರಕ್ಕೆ ಒಂದರ ಬದಲು ಇನ್ನೊಂದನ್ನು ಕುಡಿಯಬಹುದೇ? ಖಂಡಿತ ಕೂಡದು.

ಹಾಗಿದ್ದರೂ ಪಾಲೆಗೂ ಪಾಲೆಗೂ ತಪ್ಪುವುದು ದೊಡ್ಡ ಅಪಾಯವಲ್ಲ. ದೊಡ್ಡ ಅಪಾಯ ಇರುವುದು ಕತ್ತಲಲ್ಲಿ ಕೈ ಬೇರೆ ಮರಕ್ಕೆ ಹೋಗುವುದರಲ್ಲಿ. ನಮ್ಮ ಗುಡ್ಡೆಗಳಲ್ಲಿ ಕಾಸರಕ ಧಾರಾಳವಾಗಿದೆ. ನಮ್ಮ ಊರಿಗೆ ಕಾಸರಗೋಡೆಂಬ ಹೆಸರು ಬಂದದ್ದೇ ಈ ಮರದಿಂದ ಎನ್ನುವ ಒಂದು ಅಭಿಪ್ರಾಯವೂ ಇದೆ. 2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತು ಜಿಲ್ಲೆಯ ಮರವೆಂದು ಘೋಷಿಸಿದ್ದೂ ಇದನ್ನೇ, ಕಾಞಿರಂ ಎಂಬ ಮಲೆಯಾಳದ ಹೆಸರಿನಲ್ಲಿ. ತುಳುವಿನಲ್ಲಿ ಕಾಯೆರ್, ತಮಿಳಿನಲ್ಲಿ ಎಟ್ಟಿ, ಶಾಸ್ತ್ರೀಯವಾಗಿ ಸ್ಟ್ರಿಕ್ನಾಸ್ ನಕ್ಸ್‌ವೊಮಿಕಾ. ಬೀಜದಲ್ಲಿ ಮಾತ್ರ ವಿಷವೆಂದು ತಿಳಿದವರಿದ್ದಾರೆ. ತೊಗಟೆಯಲ್ಲೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಘೋರ ವಿಷಗಳಿವೆ. ಎರಡೂ ಮರಗಳ ತೊಗಟೆ ಕಹಿ. ಆದುದರಿಂದ ನಾಲಗೆಯನ್ನು ನಂಬುವಂತಿಲ್ಲ. ಹಗಲಿನಲ್ಲಾದರೆ ವ್ಯತ್ಯಾಸ ಸ್ಪಷ್ಟ: ಹಾಲೆಗೆ ಒಂದೇ ಗಂಟಿನಲ್ಲಿ ಕೊಡೆಯಂತೆ ಸುತ್ತಲೂ ಏಳೆಂಟು ಎಲೆ, ಗೀರಿದರೆ ಹಾಲು. ಕಾಸರಕಕ್ಕೆ ಎದುರುಬದುರಾಗಿ ಎರಡೇ ಎಲೆ, ಎಲೆಯ ಬುಡದಿಂದಲೇ 3ರಿಂದ 5 ನರಗಳು ಎದ್ದು ಕಾಣುತ್ತವೆ, ಹಾಲಿಲ್ಲ, ಕಿತ್ತಳೆಯಂಥ ಹಣ್ಣು. ಹಿರಿಯರು ಹಿಂದಿನ ದಿನವೇ ಹೋಗಿ ಮರವನ್ನು ಗುರುತಿಸಿ ಬುಡಕ್ಕೆ ಬಳ್ಳಿ ಕಟ್ಟಿ ಬರುತ್ತಿದ್ದುದು ಬರೇ ಶಾಸ್ತ್ರಕ್ಕಲ್ಲ. ಈಗ ಮರ ಗುರುತಿಸಬಲ್ಲ ಅಜ್ಜಂದಿರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಪಟ್ಟಣದಿಂದ ಬಂದ ಮೊಮ್ಮಗನಿಗೆ ಪಾಲೆ ಎಂಬ ಹೆಸರು ಗೊತ್ತು, ಮರ ಗೊತ್ತಿಲ್ಲ. ಮಲೆಯಾಳಿ ಗೆಳೆಯನನ್ನು ಕೇಳಿದರೆ 'ಯಾವ ಪಾಲ?' ಎಂದು ಅವನು ತಿರುಗಿ ಕೇಳುತ್ತಾನೆ.

ಹೊನ್ನೆಯದೂ ಇಂಥದೇ ಒಂದು ತೊಡಕು. ಘಟ್ಟದ ಮೇಲಿನ ಕನ್ನಡಿಗರಿಗೆ ಹೊನ್ನೆ ಎಂದರೆ ಕಾಡಿನ ಗಟ್ಟಿ ಮರ. ಸಿಹಿಮೂತ್ರ ರೋಗದವರು ಅದರ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವುದುಂಟು, ನೀರಿಗೆ ನೀಲಿ ಹೊಳಪು ಬರುತ್ತದೆ. ಸೇಲಮ್ಮಿನ ಶೇರ್ವರಾಯನ ಬೆಟ್ಟದ ಕಡೆ ಇದು ವೇಂಗೈ, ಮಲೆಯಾಳದಲ್ಲಿ ವೇಂಗ, ನಮ್ಮ ತುಳುವಿನಲ್ಲಿ ಬೇಂಗ. ಕರಾವಳಿಯಲ್ಲಿ ಹೊನ್ನೆ ಎಂದರೆ ಹೊಳೆಯ ಬದಿಯ ಹೊನ್ನೆ, ತುಳುವಿನ ಪೊನ್ನೆ, ತಮಿಳಿನ ಪುನ್ನೈ. ದೀಪದೆಣ್ಣೆ ತೆಗೆಯುತ್ತಿದ್ದ ಉರುಟು ಕಾಯಿಯ ಮರ ಇದು. ಮೊದಲನೆಯದು ಟೀರೊಕಾರ್ಪಸ್ ಮಾರ್ಸೂಪಿಯಂ, ಎರಡನೆಯದು ಕ್ಯಾಲೊಫಿಲಂ ಇನೊಫಿಲಂ. ಬೆಂಗಳೂರಿನ ಮಾಸಪತ್ರಿಕೆಯಲ್ಲಿ ಹೊನ್ನೆಯ ಗುಣವನ್ನು ಓದಿ ಇಲ್ಲಿ ಹೊಳೆಬದಿಗೆ ಕತ್ತಿ ಹಿಡಿದುಕೊಂಡು ಹೋದರೆ ಏನಾದೀತು? ಕನ್ನಡ ಓದಬಲ್ಲವನಿಗೇ ಈ ಅಪಾಯ. ಮಲೆಯಾಳ ಮಾತ್ರ ಓದುವವನಿಗೆ ಪುನ್ನ ಬೇರೆ, ವೇಂಗ ಬೇರೆ.

ಅಡಿಗೆಮನೆಯ ಹುಳಿಯನ್ನೇ ತೆಗೆದುಕೊಳ್ಳಿ. ನಮ್ಮ ಪುನರ್ಪುಳಿ, ಕೇರಳದ ಮೀನುಸಾರಿನ ಕುಡಂಪುಳಿ, ಸೇಲಂ ಧರ್ಮಪುರಿಯ ಮಕ್ಕಳು ಶಾಲೆಯ ಬೇಲಿಯಲ್ಲಿ ಕಿತ್ತು ತಿನ್ನುವ ಕೊಡುಕ್ಕಾಪ್ಪುಳಿ, ಈ ಮೂರಕ್ಕೂ ಪುಳಿಯೆಂದೇ ಹೆಸರು. ಮೊದಲಿನ ಎರಡು ಗಾರ್ಸಿನಿಯಾ ಜಾತಿಯ ಎರಡು ಬೇರೆ ಮರಗಳು. ಮೂರನೆಯದು ಮೆಕ್ಸಿಕೋ ಕಡೆಯಿಂದ ಬಂದ ಮುಳ್ಳಿನ ಮರ, ನಮ್ಮ ಸೀಮೆಹುಣಸೆ. ಹೆಸರಿನಲ್ಲಿ ಹುಳಿಯಿದ್ದರೂ ತಿರುಳು ಸಿಹಿ. ಇವು ಒಂದೂ ಅಲ್ಲದೆ ತಮಿಳರೂ ಮಲೆಯಾಳಿಗಳೂ ಬರಿದೆ 'ಪುಳಿ' ಎಂದರೆ ಹುಣಸೆ. ಮತ್ತಿಯ ಮಾತಂತೂ ಹೇಳುವುದೇ ಬೇಡ. ಕಾಡಿನ ಪಾಠದಲ್ಲಿ 'ಮತ್ತಿ' ಎಂದು ಓದಿದಾಗ ನನ್ನ ತರಗತಿಯ ಅರ್ಧ ಮಕ್ಕಳ ಬಾಯಲ್ಲಿ ನೀರೂರಿತು. ಮಲೆಯಾಳದ ಮತ್ತಿ ಬೂತಾಯಿ ಮೀನು.

ಹೀಗಿರುವಾಗ ಕೆಲವರು ಹೇಳುತ್ತಾರೆ, ಈ ಎಲ್ಲ ತಾಪತ್ರಯಕ್ಕೆ ಶಾಸ್ತ್ರೀಯ ನಾಮವೇ ಮದ್ದು, ಊರ ಹೆಸರುಗಳನ್ನು ಬಿಟ್ಟುಬಿಡಿ ಎಂದು. ಅರ್ಧ ಮಾತು ಸರಿ. ಲಿನ್ನೇಯಸ್ 1753ರಲ್ಲಿ ಪ್ರತಿ ಗಿಡಕ್ಕೂ ಎರಡು ಶಬ್ದದ ಹೆಸರಿಟ್ಟಾಗ ಉದ್ದೇಶಿಸಿದ್ದೇ ಇದು: ಯಾವ ರಾಜ್ಯದವನು ಓದಿದರೂ ಒಂದೇ ಗಿಡ ಕಣ್ಣಮುಂದೆ ಬರಬೇಕು. ಲ್ಯಾಟಿನ್ ಈಗ ಯಾವ ಸರಕಾರದ ಆಡಳಿತ ಭಾಷೆಯೂ ಅಲ್ಲ. ಅದರ ಮುಂದೆ ಕನ್ನಡ, ತಮಿಳು, ಮಲೆಯಾಳ ಮೂರೂ ಸಮಾನ. ಅಲ್ಪಸಂಖ್ಯಾತರಿಗೆ ಇದಕ್ಕಿಂತ ಒಳ್ಳೆಯ ಮಧ್ಯಸ್ಥ ಸಿಗಲಾರ. ಮೇಲಾಗಿ ಅದು ಅಷ್ಟೊಂದು ಪರಕೀಯವೂ ಅಲ್ಲ. ಹೊಂಗೆಗೆ ಪೊಂಗಾಮಿಯಾ ಎಂಬ ಹೆಸರು ನಮ್ಮ ಕಡೆಯ ಪೊಂಗಂ, ಪುಂಗುಗಳಿಂದಲೇ ಬಂದದ್ದು. ಅಡಿಕೆಯ ಅರೆಕಾ ಈ ಕರಾವಳಿಯ ಅಡಕ್ಕ. ಪೋರ್ಚುಗೀಸರ ಬಾಯಲ್ಲಿ ಹಾಗಾಯಿತು. ಮ್ಯಾಂಜಿಫೆರಾದಲ್ಲಿ ಮಾಂಗ ಇದೆ. ಬೇವಿನ ಅಜಾಡಿರಾಕ್ಟಾ ಪಾರಸಿಯದು.

ಹಾಲೆಯ ಲ್ಯಾಟಿನ್ ಹೆಸರಂತೂ ಅಧ್ಯಾಪಕರಿಗೆ ಪ್ರಿಯವಾಗತಕ್ಕದ್ದು. ಸ್ಕೊಲಾರಿಸ್ ಎಂದರೆ ಶಾಲೆಯದು. ಅದರ ಹಗುರವಾದ ಹಲಗೆಯಲ್ಲಿ ಮಕ್ಕಳು ಬರೆಯುತ್ತಿದ್ದುದರಿಂದ ಆ ಹೆಸರು. ಮುಂದಿನ ಶಬ್ದ ಅಲ್ಸ್ಟೋನಿಯಾ ಎಂಬುದು ಎಡಿನ್‌ಬರೋದ ಪ್ರೊಫೆಸರ್ ಚಾರ್ಲ್ಸ್ ಅಲ್ಸ್ಟನ್ ಎಂಬವನ ನೆನಪಿಗೆ. ಈತ ಬದುಕಿದ್ದಾಗ ಲಿನ್ನೇಯಸನ ವರ್ಗೀಕರಣವನ್ನೇ ವಿರೋಧಿಸಿದವನು! ರಬೀಂದ್ರನಾಥ ಠಾಕೂರರ ವಿಶ್ವಭಾರತಿಯಲ್ಲಿ ಪದವಿ ಪಡೆದವರಿಗೆ ಕೊಡುವುದು ಇದೇ ಸಪ್ತಪರ್ಣಿಯ ಎಲೆಗಳನ್ನು.

ಆದರೆ ಮಾತಿನ ಇನ್ನರ್ಧವನ್ನು, ಊರ ಹೆಸರನ್ನು ಬಿಡಬೇಕೆನ್ನುವುದನ್ನು, ನಾನು ಒಪ್ಪುವುದಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಕೆತ್ತೆ ತರಲು ಹೊರಟವನು ಅಲ್ಸ್ಟೋನಿಯಾ ಎನ್ನುವುದಿಲ್ಲ, ಪಾಲೆ ಎನ್ನುತ್ತಾನೆ. ಅವನ ಬಾಯಲ್ಲಿ ಇರುವ ಹೆಸರಿಗೇ ಎಚ್ಚರಿಕೆಯನ್ನು ಕಟ್ಟಬೇಕು. ಲ್ಯಾಟಿನ್ ಹೆಸರು ಶಾಶ್ವತವೆಂದು ತಿಳಿಯುವುದೂ ತಪ್ಪು. ಹಳೆಯ ಪುಸ್ತಕಗಳಲ್ಲಿ ಹೊಂಗೆ ಪೊಂಗಾಮಿಯಾ ಗ್ಲಾಬ್ರಾ ಆಗಿತ್ತು, ಆಮೇಲೆ ಪಿನ್ನಾಟಾ ಆಯಿತು, ನಡುವೆ ಡೆರ್ರಿಸ್ ಎಂದರು, ಮಿಲೆಟಿಯಾ ಎಂದರು, ಮತ್ತೆ ಪೊಂಗಾಮಿಯಾಕ್ಕೇ ಬಂದರು. ಇಷ್ಟು ಹೊತ್ತೂ ಹೊಂಗೆ ಹೊಂಗೆಯಾಗಿಯೇ ಇತ್ತು. ಅಲ್ಲದೆ ಶಾಸ್ತ್ರಕ್ಕೆ ಕಾಣದ ಭೇದ ಊರವರ ನಾಲಗೆಗೆ ಕಾಣುತ್ತದೆ. ಸೇಲಂ ಗುಂಡು, ಮಲ್ಗೋವ, ಕೃಷ್ಣಗಿರಿಯ ಮಾವಿನ ರಸದ ಕಾರ್ಖಾನೆಗಳಿಗೆ ಹೋಗುವ ತೋತಾಪುರಿ, ನಮ್ಮ ಕಾಟುಮಾವು, ಉಪ್ಪಿನಕಾಯಿಯ ಅಪ್ಪೆಮಿಡಿ ಇವೆಲ್ಲಕ್ಕೂ ಸಸ್ಯಶಾಸ್ತ್ರಜ್ಞನ ಬಳಿ ಇರುವುದು ಮ್ಯಾಂಜಿಫೆರಾ ಇಂಡಿಕಾ ಎಂಬ ಒಂದೇ ಹೆಸರು. ತೋತಾಪುರಿಗೆ ತಮಿಳರು ಕಿಳಿಮೂಕ್ಕು ಎನ್ನುತ್ತಾರೆ, ಕನ್ನಡಿಗರು ಗಿಣಿಮೂತಿ ಎನ್ನುತ್ತಾರೆ. ಕಿಳಿಯೂ ಗಿಣಿಯೂ ಒಂದೇ, ಕೊಕ್ಕೂ ಒಂದೇ. ಇಂಥ ಹೆಸರುಗಳನ್ನು ಕಳೆದುಕೊಂಡರೆ ಬರೇ ಶಬ್ದ ಹೋಗುವುದಿಲ್ಲ, ಯಾವ ಮರದ ಮಿಡಿ ಉಪ್ಪಿಗೆ ತಡೆಯುತ್ತದೆ ಎಂಬ ತಿಳುವಳಿಕೆಯೂ ಹೋಗುತ್ತದೆ.

ಎಲ್ಲ ಭಾಷೆಗಳ ಹೆಸರನ್ನೂ ಒಟ್ಟಿಗೆ ಇಡುವುದು ಹೊಸ ಕಲ್ಪನೆಯೇನೂ ಅಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೊರ್ತುಸ್ ಮಲಬಾರಿಕುಸ್' 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಂಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯರೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರೂ ಅದರ ಹಿಂದೆ ಇದ್ದರು. ಅದರ ಚಿತ್ರಪಟಗಳ ಮೇಲೆ ಗಿಡದ ಹೆಸರನ್ನು ರೋಮನ್, ಮಲೆಯಾಳ, ಅರಬಿ, ನಾಗರಿ ಲಿಪಿಗಳಲ್ಲಿ ಕೆತ್ತಿಸಿದರು. ಮುನ್ನೂರು ವರ್ಷಗಳಿಗೂ ಹಿಂದೆ! ಲಿನ್ನೇಯಸ್ ನಮ್ಮ ಕಡೆಯ ಗಿಡಗಳನ್ನು ಅರಿತದ್ದು ಬಹುಮಟ್ಟಿಗೆ ಆ ಪುಸ್ತಕದಿಂದ. 1800ರಲ್ಲಿ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಈಗ ಸೇಲಂ ಜಿಲ್ಲೆಯಲ್ಲಿರುವ ಕಾವೇರಿಪುರದ ಘಟ್ಟವಿಳಿದು, ಮಲಬಾರನ್ನು ಸುತ್ತಿ, 1801ರ ಜನವರಿಯಲ್ಲಿ ಹೊಸದುರ್ಗ, ಚಂದ್ರಗಿರಿ, ಕುಂಬಳೆಗಳ ಮೇಲೆ ಮಂಗಳೂರಿನ ಕಡೆ ಹೋದನು. ದಾರಿಯಲ್ಲಿ ಮರಗಳ ಹೆಸರನ್ನು ಆಯಾ ಊರವರ ಬಾಯಿಂದಲೇ ಕೇಳಿ ಬರೆದುಕೊಂಡನು. ಆತ ಕಂಪೆನಿ ಸರಕಾರದ ಲಾಭಕ್ಕಾಗಿಯೇ ಬಂದವನು, ಸಂಶಯವಿಲ್ಲ. ಆದರೂ ಕೇಳಿ ಬರೆದುಕೊಂಡ. ಅರಣ್ಯಾಧಿಕಾರಿ ಗ್ಯಾಂಬಲ್ 1881ರಲ್ಲಿ ಪ್ರಕಟಿಸಿದ ಭಾರತೀಯ ಮರಗಳ ಕೈಪಿಡಿಯಲ್ಲೂ ಶಾಸ್ತ್ರೀಯ ನಾಮದ ಕೆಳಗೆ ದೇಶಭಾಷೆಗಳ ಹೆಸರುಗಳು ಸಾಲಾಗಿ ಇವೆ. ಮರ ಕಡಿದು ಸಾಗಿಸುವವನಿಗೆ ಕೂಲಿಯವನ ಭಾಷೆ ಬೇಕಿತ್ತು. ಮರ ಉಳಿಸಬೇಕೆನ್ನುವ ನಮಗೆ ಬೇಡವಾಗುವುದು ಹೇಗೆ?

ಇಲ್ಲಿ ಒಂದು ಮಾತು ನಮ್ಮವರಿಗೇ ಹೇಳಬೇಕಾಗಿದೆ. 2017ರಲ್ಲಿ ಮಲೆಯಾಳವನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸುವ ಕಾನೂನು ಬಂದಾಗ ನಾವು ಬೀದಿಗಿಳಿದೆವು, ಸರಿಯಾಗಿಯೇ ಇಳಿದೆವು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಕಾನೂನು ವರ್ಷಕ್ಕೊಂದು ತರಗತಿಯಂತೆ ಮೇಲೇರಿ 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ತಲುಪಿದಾಗ, ಅಲ್ಲಿಯ ಭಾಷಾ ಅಲ್ಪಸಂಖ್ಯಾತ ಮಕ್ಕಳು ನ್ಯಾಯಾಲಯದಿಂದ ವಿನಾಯಿತಿ ತರಬೇಕಾಯಿತು. ಮಾತೃಭಾಷೆಯಲ್ಲಿ ಕಲಿಯುವ ಹಕ್ಕಿನಲ್ಲಿ ರಾಜಿಯಿಲ್ಲ. ಆದರೆ ಆ ಸಿಟ್ಟಿನಲ್ಲಿ ನೆರೆಯವನ ಹೆಸರುಗಳೇ ಬೇಡವೆಂದರೆ ನಷ್ಟ ನಮ್ಮ ಮಕ್ಕಳಿಗೇ. ಅರಳಿ ಎಂದರೆ ಮಲೆಯಾಳದಲ್ಲಿ ಕಣಗಿಲೆ ಎಂದು ನಮ್ಮ ಹುಡುಗಿ ತಿಳಿಯದಿದ್ದರೆ, ಆಸ್ಪತ್ರೆಯಲ್ಲಿ ಡಾಕ್ಟರು 'ಮಗು ಅರಳಿಯ ಎಲೆ ತಿಂದಿದೆಯೇ?' ಎಂದು ಕೇಳಿದಾಗ ಏನೆಂದು ಉತ್ತರ ಕೊಟ್ಟಾಳು? ಮನೆಯ ಹೆಸರು, ನೆರೆಯ ಹೆಸರು, ಶಾಸ್ತ್ರದ ಹೆಸರು ಮೂರನ್ನೂ ಒಂದೇ ಮರದ ಬುಡದಲ್ಲಿ ನಿಲ್ಲಿಸಿ ಕಲಿಸಬೇಕು. ಬರೇ ಪುಸ್ತಕದಲ್ಲಿ ಕಲಿತರೆ ಪ್ರಯೋಜನವಿಲ್ಲ.

ಮಲೆಯಾಳದಿಂದ ಕನ್ನಡಕ್ಕೆ ಪಾಠ, ಪ್ರಕಟಣೆ, ಕರಪತ್ರಗಳನ್ನು ತರುವವರಲ್ಲಿ ನನ್ನದೊಂದು ಬೇಡಿಕೆ: ಗಿಡಮರದ ಹೆಸರು ಬಂದಲ್ಲಿ ಲಿಪಿ ಬದಲಾಯಿಸಿ ಮುಂದೆ ಹೋಗಬೇಡಿ. ಶಾಸ್ತ್ರೀಯ ನಾಮವನ್ನು ಕೇಳಿ ತಿಳಿದುಕೊಂಡು, ಅಲ್ಲಿಂದ ಕನ್ನಡಕ್ಕೆ ಬನ್ನಿ. ದಾರಿ ಸ್ವಲ್ಪ ಸುತ್ತು, ಆದರೆ ಸುರಕ್ಷಿತ.

ಇನ್ನೊಂದು ಬೇಡಿಕೆ ಪಂಚಾಯತು ಸದಸ್ಯರಲ್ಲಿ. 2002ರ ಜೀವವೈವಿಧ್ಯ ಕಾನೂನಿನ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ನಿರ್ವಹಣಾ ಸಮಿತಿ ಇರಬೇಕು, ಊರವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆದಿಡುವುದು ಅದರ ಮುಖ್ಯ ಕೆಲಸ. ಅದರಲ್ಲಿ ಸ್ಥಳೀಯ ಹೆಸರು, ಶಾಸ್ತ್ರೀಯ ನಾಮ ಎಂಬ ಅಂಕಣಗಳಿವೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ 'ಸ್ಥಳೀಯ' ಎಂದರೆ ಏನು? ಪುತ್ತಿಗೆಯ ಅಜ್ಜಿ ಕಾಯೆರ್ ಎನ್ನುತ್ತಾಳೆ, ಬದಿಯಡ್ಕದ ಭಟ್ಟರು ಕಾಸರಕ ಎನ್ನುತ್ತಾರೆ, ಅಂಗಡಿಯವನು ಕಾಞಿರಂ ಎನ್ನುತ್ತಾನೆ. ಮೂರೂ ಸ್ಥಳೀಯವೇ. ತಮ್ಮ ಪಂಚಾಯತಿನ ದಾಖಲೆಯಲ್ಲಿ ಕನ್ನಡ, ತುಳು ಹೆಸರುಗಳು ಸೇರಿವೆಯೇ ಎಂದು ಪ್ರತಿಯೊಬ್ಬ ಸದಸ್ಯನೂ ಕಚೇರಿಗೆ ಹೋಗಿ ತೆರೆದು ನೋಡಲಿ. ಸೇರದಿದ್ದರೆ ಸೇರಿಸಲು ಅರ್ಜಿ ಕೊಡಲಿ, ಕನ್ನಡದಲ್ಲೇ ಕೊಡಲಿ. ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು 1969ರ ಕೇರಳದ ಆಡಳಿತ ಭಾಷಾ ಕಾನೂನೇ ನಮಗೆ ಕೊಟ್ಟದ್ದು.

ಶಾಲೆಗಳಲ್ಲಿ ಮಾಡತಕ್ಕ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ಹಿತ್ತಲಿನ, ಆಟದ ಬಯಲಿನ ಮರಗಳಿಗೆ ಹಲಗೆ ತೂಗುಹಾಕಿದರೆ ಸಾಕು. ಮೊಳೆ ಹೊಡೆಯುವುದು ಬೇಡ, ತೆಂಗಿನ ಹಗ್ಗ ಕಟ್ಟಿ. ಮರ ದಪ್ಪವಾದಂತೆ ಸಡಿಲಿಸಬಹುದು. ಮೇಲೆ ಕನ್ನಡ, ಕೆಳಗೆ ತುಳು, ಮಲೆಯಾಳ, ಎಲ್ಲಕ್ಕೂ ಕೆಳಗೆ ಶಾಸ್ತ್ರೀಯ ನಾಮ. ತುಳು, ಹವ್ಯಕ, ಮರಾಟಿ, ಬ್ಯಾರಿ, ಕೊಂಕಣಿ ಮನೆಗಳ ಹೆಸರುಗಳನ್ನು ಮಕ್ಕಳೇ ಅಜ್ಜ ಅಜ್ಜಿಯರಿಂದ ಕೇಳಿ ಬರೆದು ತರಲಿ. ಒಂದೇ ಮರಕ್ಕೆ ಎರಡು ಹೆಸರು ಬಂದರೆ ಜಗಳ ಬೇಡ, ಎರಡನ್ನೂ ಬರೆಯಿರಿ. ಒಂದೇ ಹೆಸರು ಎರಡು ಮರಕ್ಕೆ ಬಂದಲ್ಲಿ ಕೆಂಪು ಬಣ್ಣದಲ್ಲಿ ಒಂದು ಗುರುತು ಹಾಕಿ. ಶಾಸ್ತ್ರೀಯ ನಾಮದಲ್ಲಿ ಸಂದೇಹ ಬಂದರೆ ಕಾಸರಗೋಡಿನ ಸರಕಾರಿ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ಒಂದು ಕೊಂಬೆ ತೋರಿಸಿ ಬರಬಹುದು. ಈ ಕೆಲಸವನ್ನು ಜೂನಿನಲ್ಲಿ ಆರಂಭಿಸುವುದು ಒಳ್ಳೆಯದು, ಆಟಿ ಅಮಾವಾಸ್ಯೆಗೆ ಮೊದಲು ಕನಿಷ್ಠ ಹಾಲೆಗೂ ಕಾಸರಕಕ್ಕೂ ಹಲಗೆ ಬಿದ್ದಿರಬೇಕು. ಊರ ಗುಡ್ಡೆಯಲ್ಲಿರುವ ಹಾಲೆಮರಗಳನ್ನು ಹಿಂದಿನ ದಿನ ಹಗಲಿನಲ್ಲೇ, ಗೊತ್ತಿರುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಹತ್ತನೆಯ ತರಗತಿಯ ಮಕ್ಕಳು ಸುಣ್ಣ ಬಳಿದು ಗುರುತಿಸಿ ಬರಲಿ.